ಮಗನ ಕುಡಿತ, ತಾಯಿಯ ಪ್ರಾರ್ಥನೆ

(ಗುರುತು ಸಿಗದಂತೆ ವಿವರ ಬದಲಿಸಿದೆ.)

ನನ್ನ ಬಳಿ ಆಪ್ತಸಲಹೆಗೆ ಬಂದವರು ನಿವೃತ್ತ ಶಿಕ್ಷಕಿ, ಕ್ರೈಸ್ತ ಕುಟುಂಬ. ಒಬ್ಬನೇ ಮಗ, ಕುಡಿತ ಕೈಮೀರಿದೆ. ಬೆಳಿಗ್ಗೆ ಎದ್ದರೆ ಕೈ ನಡುಕ. ಟೀ ಲೋಟ ಎತ್ತಿದರೆ ಅರ್ಧ ನೆಲಕ್ಕೆ. "ಆಸ್ಪತ್ರೆ ಬೇಡ ಮೇಡಂ. ಅವನನ್ನು ಮೂರು ದಿನ ಕೋಣೆಯಲ್ಲಿ ಕೂಡಿಹಾಕಿ ಉಪವಾಸ ಪ್ರಾರ್ಥನೆ ಮಾಡ್ತೀನಿ. ಇಷ್ಟು ದಿನ ದೇವರು ಕೇಳಿಲ್ಲ, ನನ್ನ ನಂಬಿಕೆ ಸಾಲದು ಅನ್ಸುತ್ತೆ" ಎಂದರು. ಬ್ಯಾಗಿನಿಂದ ಬೈಬಲ್ ತೆಗೆದು 60ನೇ ಕೀರ್ತನೆ ತೋರಿಸಿದರು. ಮನುಷ್ಯರ ಸಹಾಯ ವ್ಯರ್ಥ ಎಂಬ ಮಾತಿನ ಕೆಳಗೆ ಕೆಂಪು ಪೆನ್ಸಿಲ್ ಗೆರೆ.

ಗೆರೆ ಇಲ್ಲದ ಸಾಲುಗಳನ್ನೂ ಓದೋಣ ಅಮ್ಮ ಅಂದೆ. ಆ ಕೀರ್ತನೆ ಶುರುವಾಗುವುದೇ ದೂರಿನಿಂದ: ದೇವರೇ, ನಮ್ಮನ್ನು ಕೈಬಿಟ್ಟೆ, ಸಿಟ್ಟಾದೆ. ಅದೇ ಬಾಯಿ ಐದನೇ ವಚನದಲ್ಲಿ, ನಿನ್ನ ಪ್ರಿಯರು ಪಾರಾಗಲಿ, ಬಲಗೈಯಿಂದ ಕಾಪಾಡು ಎಂದು ಬೇಡುತ್ತದೆ. ದೇವರ ಮೇಲೆ ದೂರಿದ್ದವರೂ ಬೇಡಬಹುದು ಅಂತಾಯ್ತು. 88ನೇ ಕೀರ್ತನೆಯಂತೂ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಉತ್ತರ ಬಂತು ಅಂತ ಇಲ್ಲವೇ ಇಲ್ಲ. ಆದರೂ ಅದು ಪ್ರಾರ್ಥನೆಯೇ.

ಇನ್ನು ಗೆರೆ ಎಳೆದ ಮಾತು. ತಲೆಬರಹ ನೋಡಿ ಅಂದೆ. ಇಸ್ರಾಯೇಲಿನ ರಾಜ ದಾವೀದನ ಯುದ್ಧಕಾಲದ ಕೀರ್ತನೆ ಎನ್ನುತ್ತದೆ ಅದು. ಅವನ ಸೇನಾಪತಿ ಯೋವಾಬ ಉಪ್ಪಿನ ತಗ್ಗು ಎಂಬ ಕಣಿವೆಯಲ್ಲಿ ಶತ್ರುಗಳಾದ ಎದೋಮ್ಯರ 12,000 ಜನರನ್ನು ಹೊಡೆದ ಸಂದರ್ಭ. ಮನುಷ್ಯರ ಸಹಾಯ ವ್ಯರ್ಥ ಅಂತ ಹಾಡಿದವರು ಸೈನ್ಯವನ್ನು ಮನೆಗೆ ಕಳಿಸಲಿಲ್ಲ ಅಲ್ವಾ? ದೇವರ ಬಲದಿಂದ ಹೋರಾಡುತ್ತೇವೆ ಎಂದೇ ಕೊನೆಯ ವಚನ ಹೇಳುವುದು. ಅವರು ಕನ್ನಡಕ ಸರಿಮಾಡಿಕೊಂಡು ಮತ್ತೆ ಓದಿದರು. ನಾನು ಬೋಧಕಿಯಲ್ಲ, ನಿಮ್ಮ ಪಾದ್ರಿಯವರನ್ನೂ ಕೇಳಿ ಅಂದೆ.

ಕೂಡಿಹಾಕುವುದು ಮಾತ್ರ ಖಂಡಿತ ಬೇಡ ಎಂದೆ. ದಿನವೂ ಅಷ್ಟು ಕುಡಿಯುವವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಮತಿಭ್ರಮೆಯಾಗಿ ಜೀವಕ್ಕೇ ಅಪಾಯವಾಗಬಹುದು. ಡಾಕ್ಟರ ಕಣ್ಣೆದುರೇ ಬಿಡಿಸಬೇಕು. ಅವನು ಬರದಿದ್ದರೆ ನೀವೊಬ್ಬರೇ ಹೋಗಿ ಮನೋವೈದ್ಯರನ್ನು ಕಾಣಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಅವನು ಕುಡಿದು ಮಾಡಿದ ಸಾಲ ನಿಮ್ಮ ಪೆನ್ಷನ್‌ನಿಂದ ತೀರಿಸಬೇಡಿ. ಈ ತಾಯಿಗೆ ಶುಗರ್ ಬೇರೆ ಇದೆ. ಶುಗರ್ ಮಾತ್ರೆ ನುಂಗಿ ಊಟ ಬಿಡಬೇಡಿ, ಊಟ ಮಾಡಿಯೂ ಪ್ರಾರ್ಥಿಸಬಹುದು ಅಂದಾಗ ನಕ್ಕರು.

ಮುಂದಿನ ಭೇಟಿಗೆ ಮಗ ಬಂದಿರಲಿಲ್ಲ. ಆಸ್ಪತ್ರೆಗೆ ತಾವೊಬ್ಬರೇ ಹೋಗಿ, ಮಗನನ್ನು ದಾಖಲು ಮಾಡುವುದು ಹೇಗೆಂದು ಕೇಳಿಕೊಂಡು ಬಂದಿದ್ದರು. ಸಾಲ ಕೊಟ್ಟವರು ಬಾಗಿಲಿಗೆ ಬಂದರೆ ಇಲ್ಲ ಅನ್ನಲು ಮಾತ್ರ ಇನ್ನೂ ಬಾಯಿ ಬರುತ್ತಿಲ್ಲ. ಸದ್ಯ ಅದರ ಬಗ್ಗೆಯೇ ಮಾತಾಡುತ್ತಿದ್ದೇವೆ.