ಓದುಗರ ಪ್ರಶ್ನೆ: ‘ಡಾಕ್ಟರ್ ಹೂ’ ಮೊದಲ ಕಂತು

ಈ ಸಲ ಬಂದ ಪ್ರಶ್ನೆಗಳೆಲ್ಲ ಬಿಬಿಸಿಯ ‘ಡಾಕ್ಟರ್ ಹೂ’ ಸರಣಿಯ ಮೊಟ್ಟಮೊದಲ ಕಂತು ‘ಆ್ಯನ್ ಅನ್‌ಅರ್ತ್ಲಿ ಚೈಲ್ಡ್’ ಬಗ್ಗೆ. ನೋಡದವರಿಗಾಗಿ ಕತೆ ಇಷ್ಟು: ಲಂಡನ್ನಿನ ಕೋಲ್ ಹಿಲ್ ಶಾಲೆಯ ವಿದ್ಯಾರ್ಥಿನಿ ಸೂಸನ್ ವಿಜ್ಞಾನದಲ್ಲಿ ಮೇಷ್ಟ್ರನ್ನೇ ಮೀರಿಸುತ್ತಾಳೆ, ಆದರೆ ಎಲ್ಲರಿಗೂ ಗೊತ್ತಿರುವ ಸಣ್ಣ ವಿಷಯಗಳಲ್ಲಿ ಎಡವುತ್ತಾಳೆ. ಗುಮಾನಿ ಬಂದ ಇಬ್ಬರು ಶಿಕ್ಷಕರು, ಇಯಾನ್ ಮತ್ತು ಬಾರ್ಬರಾ, ಅವಳ ವಿಳಾಸ ಹುಡುಕಿಕೊಂಡು 76, ಟಾಟರ್ಸ್ ಲೇನ್‌ಗೆ ಹೋದರೆ ಅಲ್ಲಿರುವುದು ಗುಜರಿ ಅಂಗಳ. ಅದರ ಮೂಲೆಯಲ್ಲೊಂದು ನೀಲಿ ಪೊಲೀಸ್ ಪೆಟ್ಟಿಗೆ (ಪೊಲೀಸರಿಗೆ ಫೋನ್ ಮಾಡಲು ಬೀದಿಯಲ್ಲಿಡುತ್ತಿದ್ದ ಗೂಡು). ಒಳಗೆ ಹೊಕ್ಕರೆ ಪೆಟ್ಟಿಗೆಗಿಂತ ಎಷ್ಟೋ ಪಾಲು ದೊಡ್ಡ ಕೋಣೆ, ಮತ್ತು ಸಿಡುಕು ಸ್ವಭಾವದ ತಾತ. ಆ ತಾತನೇ ಡಾಕ್ಟರ್, ಆ ಪೆಟ್ಟಿಗೆ ಅವನ ಕಾಲಯಾನದ ಯಂತ್ರ ‘ಟಾರ್ಡಿಸ್’. (ಹೂ ಎಂದರೆ ಇಲ್ಲಿ ‘ಯಾರು’. ತೋಟಗಾರಿಕೆಯ ಕಾರ್ಯಕ್ರಮವೇ ಎಂದು ಕೇಳಿದವರಿಗೆ ಇದೇ ಉತ್ತರ.)

ಕೆನಡಿ ಹತ್ಯೆಯ ಸುದ್ದಿಯಿಂದಾಗಿ ಈ ಕಂತು ಗಂಟೆಗಟ್ಟಲೆ ತಡವಾಗಿ ಪ್ರಸಾರವಾಯಿತಂತೆ, ಹೌದೇ?

ಇಲ್ಲ. ಕೆನಡಿ ಸತ್ತದ್ದು 1963ರ ನವೆಂಬರ್ 22, ಶುಕ್ರವಾರ. ಕಂತು ಬಂದದ್ದು ಮರುದಿನ ಶನಿವಾರ ಸಂಜೆ 5.15ರ ಹೊತ್ತಿಗೆ, ತಡವಾದದ್ದು ಒಂದೂಕಾಲು ನಿಮಿಷದಷ್ಟು. ಆದರೆ ಹತ್ಯೆಯ ಸುದ್ದಿ ಜನರ ಗಮನವನ್ನೆಲ್ಲ ಸೆಳೆದಿತ್ತು, ಕೆಲವು ಕಡೆ ಕರೆಂಟೂ ಹೋಗಿತ್ತು. ಹಾಗಾಗಿ ನವೆಂಬರ್ 30ರಂದು ಎರಡನೆಯ ಕಂತಿಗೆ ಮುಂಚೆ ಇದನ್ನು ಮತ್ತೊಮ್ಮೆ ತೋರಿಸಿದರು.

ಇದನ್ನು ಎರಡು ಸಲ ಚಿತ್ರೀಕರಿಸಿದರು ಎನ್ನುತ್ತಾರೆ. ಮೊದಲ ಸಲ ಏನು ಕೆಟ್ಟಿತು?

ಸಾಕಷ್ಟು ಕೆಟ್ಟಿತು. 1963ರ ಸೆಪ್ಟೆಂಬರ್ 27ರಂದು ಲೈಮ್ ಗ್ರೋವ್ ಸ್ಟುಡಿಯೋದಲ್ಲಿ ಮುದ್ರಿಸಿದ ಆವೃತ್ತಿಯಲ್ಲಿ ಟಾರ್ಡಿಸ್ ಯಂತ್ರದ ಒಳಬಾಗಿಲು ಸರಿಯಾಗಿ ಮುಚ್ಚಿಕೊಳ್ಳಲೇ ಇಲ್ಲ. ನಟರು ಗಂಭೀರವಾಗಿ ಮಾತಾಡುತ್ತಿದ್ದರೆ ಹಿಂದೆ ಬಾಗಿಲು ದಡಬಡ ಬಡಿದುಕೊಳ್ಳುತ್ತಿತ್ತು. ಈಗಿನವರು ಅಷ್ಟನ್ನು ಕತ್ತರಿಸಿ ಎಸೆಯುತ್ತಿದ್ದರು. ಆಗ ಎರಡಿಂಚು ಅಗಲದ ವಿಡಿಯೋ ಟೇಪನ್ನು ಬ್ಲೇಡಿನಿಂದಲೇ ಕೊಯ್ದು ಅಂಟಿಸಬೇಕಿತ್ತು. ದುಬಾರಿ ಟೇಪು, ಕೊಯ್ದರೆ ಮರುಬಳಕೆಗೆ ಒದಗುವುದು ಕಷ್ಟ. ಆದ್ದರಿಂದ ನಾಟಕ ಆಡಿದಂತೆ ಉದ್ದುದ್ದ ದೃಶ್ಯಗಳನ್ನು ನಿಲ್ಲಿಸದೆ ಆಡಿ ಮುದ್ರಿಸುವುದೇ ಪದ್ಧತಿ. ಬಾಗಿಲು ಬಡಿದರೆ ಬಡಿದಂತೆಯೇ ಉಳಿಯಿತು.

ನಾಟಕ ವಿಭಾಗದ ಮುಖ್ಯಸ್ಥ ಸಿಡ್ನಿ ನ್ಯೂಮನ್‌ಗೆ ಇದಕ್ಕಿಂತ ಹೆಚ್ಚು ಕಿರಿಕಿರಿಯಾದದ್ದು ಪಾತ್ರ. ವಿಲಿಯಂ ಹಾರ್ಟ್‌ನೆಲ್ ಮಾಡಿದ ಡಾಕ್ಟರ್ ತೀರಾ ಕ್ರೂರಿಯಾಗಿ ಕಂಡ. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಮತ್ತು ನಿರ್ದೇಶಕ ವಾರಿಸ್ ಹುಸೇನ್ ಅವರಿಗೆ ಮತ್ತೆ ಮಾಡಿ ಎಂದು ಅಪ್ಪಣೆಯಾಯಿತು. ಅಕ್ಟೋಬರ್ 18ರ ಮರುಚಿತ್ರೀಕರಣದಲ್ಲಿ ಡಾಕ್ಟರ್ ಸ್ವಲ್ಪ ಮೆತ್ತಗಾದ, ತುಂಟತನವೂ ಬಂತು. ಸೂಸನ್ ‘ನಾನು 49ನೆಯ ಶತಮಾನದಲ್ಲಿ ಹುಟ್ಟಿದವಳು’ ಎನ್ನುತ್ತಿದ್ದುದು ‘ಇನ್ನೊಂದು ಕಾಲ, ಇನ್ನೊಂದು ಲೋಕ’ ಎಂದಾಯಿತು. ಈ ಒಂದು ತಿದ್ದುಪಡಿಯೇ ಸರಣಿಯನ್ನು ಉಳಿಸಿತು ಎಂದು ನಮಗನ್ನಿಸುತ್ತದೆ. ಇಸವಿ ಹೇಳಿಬಿಟ್ಟಿದ್ದರೆ ‘ಯಾರು’ ಎಂಬ ಪ್ರಶ್ನೆ ಅಲ್ಲೇ ಮುಗಿಯುತ್ತಿತ್ತು.

ಅಂದಹಾಗೆ, ಹುಸೇನ್ ಭಾರತದವರೇ ಎಂದು ಇನ್ನಿಬ್ಬರು ಕೇಳಿದ್ದಾರೆ. ಹುಟ್ಟಿದ್ದು ಲಖನೌದಲ್ಲಿ, 1938ರಲ್ಲಿ. ತಾಯಿ ಲೇಖಕಿ ಅತಿಯಾ ಹೊಸೇನ್. ಈ ಕಂತು ಮಾಡುವಾಗ ಅವರಿಗಿನ್ನೂ 24.

ಟಾರ್ಡಿಸ್ ಹೊರಡುವಾಗಿನ ಆ ‘ಗರ್‍ರ್ ಗರ್‍ರ್’ ಸದ್ದು ಯಾವ ವಾದ್ಯದ್ದು? ಮನೆಯಲ್ಲಿ ಮಾಡಬಹುದೇ?

ವಾದ್ಯ ಹಾಳಾದ ಪಿಯಾನೋ, ಬಾರಿಸಿದ್ದು ಮನೆ ಬೀಗದ ಕೈಯಿಂದ. ಬಿಬಿಸಿಗೆ ವಿಶೇಷ ಸದ್ದುಗಳನ್ನು ತಯಾರಿಸುತ್ತಿದ್ದ ವಿಭಾಗ ರೇಡಿಯೋಫೋನಿಕ್ ವರ್ಕ್‌ಶಾಪಿನ ಬ್ರಯಾನ್ ಹಾಜ್ಸನ್ ಮಂದ್ರದ ತಂತಿಯ ಮೇಲೆ ತಾಯಿಯ ಮನೆಯ ಕೀಲಿಕೈಯನ್ನು ಉದ್ದಕ್ಕೂ ಗೀಚಿ, ಆ ಮುದ್ರಣದ ವೇಗ ಬದಲಿಸಿ, ತಿರುಗಿಸಿ, ಪ್ರತಿಧ್ವನಿ ಸೇರಿಸಿದರು.

ಮಂದ್ರದ ತಂತಿಯೇ ಏಕೆ ಎಂದರೆ, ಅದಕ್ಕೆ ತಾಮ್ರದ ಎಳೆ ಸುತ್ತಿರುತ್ತದೆ. ಕೀಲಿಯ ಅಂಚು ಒಂದೊಂದು ಸುತ್ತನ್ನೂ ದಾಟುವಾಗ ‘ಟಕ್’ ಎನ್ನುತ್ತದೆ, ನೂರಾರು ಟಕ್ ಸೇರಿ ಗರಗರ. ಸುತ್ತಿಲ್ಲದ ತೆಳು ತಂತಿ ಬರೀ ಕಿರುಚುತ್ತದೆ. ಪಿಯಾನೋ ಇಲ್ಲದವರು ಗಿಟಾರಿನ ಅತಿ ದಪ್ಪ ತಂತಿ ಹಿಡಿಯಿರಿ, ಬೇಸ್ ಗಿಟಾರ್ ಆದರೆ ಇನ್ನೂ ಒಳ್ಳೆಯದು. ಹಳೆಯ ತಂತಿಯನ್ನೇ ಬಳಸಿ, ಸುತ್ತು ಹರಿಯುತ್ತದೆ. ಮೂರು ನಾಲ್ಕು ಸೆಕೆಂಡು ನಿಧಾನವಾಗಿ ಗೀಚಿ, ಮೊಬೈಲನ್ನು ಒಂದು ಗೇಣು ದೂರದಲ್ಲಿಟ್ಟು ಮುದ್ರಿಸಿ. ಆಡಾಸಿಟಿಯಂಥ ತಂತ್ರಾಂಶದಲ್ಲಿ ವೇಗವನ್ನು ಅರ್ಧಕ್ಕಿಳಿಸಿ. ಮುದ್ರಣವನ್ನು ಹಿಂದುಮುಂದಾಗಿಸಿ, ಪ್ರತಿಧ್ವನಿ ಹಾಕಿ, ಮತ್ತೆ ಹಿಂದುಮುಂದಾಗಿಸಿ. ಆಗ ಪ್ರತಿಧ್ವನಿ ಸದ್ದಿಗಿಂತ ಮೊದಲೇ ಬಂದು ಉಬ್ಬುತ್ತದೆ. ಹೆಚ್ಚಿನವರು ತಪ್ಪುವುದು ಇಲ್ಲೇ: ಪ್ರತಿಧ್ವನಿಯನ್ನು ಸುಮ್ಮನೆ ಕೊನೆಗೆ ಅಂಟಿಸುತ್ತಾರೆ, ಬಾವಿಯೊಳಗೆ ಗೀಚಿದಂತೆ ಕೇಳುತ್ತದೆ.

ಶೀರ್ಷಿಕೆ ಸಂಗೀತ ಬೇರೆಯದೇ ಸಾಹಸ. ರಾನ್ ಗ್ರೇನರ್ ಬರೆದುಕೊಟ್ಟ ಸ್ವರಗಳನ್ನು ಡೀಲಿಯಾ ಡರ್ಬಿಶೈರ್, ಡಿಕ್ ಮಿಲ್ಸ್ ಜೊತೆ ಸೇರಿ ಕತ್ತರಿಯಲ್ಲೇ ಕಟ್ಟಿದರು. ಮಾರುಕಟ್ಟೆಯಲ್ಲಿ ಕೊಳ್ಳುವಂಥ ಸಿಂಥಸೈಸರ್ ಆಗಿನ್ನೂ ಬಂದಿರಲಿಲ್ಲ. ಮೀಟಿದ ಒಂದೇ ತಂತಿಯ ಸದ್ದು, ಉಪಕರಣಗಳ ಪರೀಕ್ಷೆಗೆ ಬಳಸುವ ಆಸಿಲೇಟರ್‌ಗಳ (ಒಂದೇ ಸಮನೆ ಸ್ವರ ಹೊರಡಿಸುವ ವಿದ್ಯುತ್ ಸಾಧನ) ಸ್ವರ, ಜತೆಗೆ ‘ಸ್ಸ್’ ಎನ್ನುವ ಬಿಳಿ ಗದ್ದಲ, ಇಷ್ಟೇ ಸಾಮಗ್ರಿ. ಟೇಪಿನ ವೇಗ ದುಪ್ಪಟ್ಟು ಮಾಡಿದರೆ ಮಧ್ಯ ಷಡ್ಜ ತಾರ ಷಡ್ಜವಾಗುತ್ತದೆ. ಹೀಗೆ ಬೇಕಾದ ಒಂದೊಂದು ಸ್ವರವನ್ನೂ ಮಾಡಿಕೊಂಡು, ಕಾಲಕ್ಕೆ ತಕ್ಕಷ್ಟು ಉದ್ದಕ್ಕೆ ಕತ್ತರಿಸಿ ಅಂಟಿಸಬೇಕು. ಸೆಕೆಂಡಿಗೆ 15 ಇಂಚು ಓಡುವ ಟೇಪಿನಲ್ಲಿ ಅರ್ಧ ಸೆಕೆಂಡಿನ ಸ್ವರವೆಂದರೆ ಏಳೂವರೆ ಇಂಚಿನ ತುಂಡು. ಕಾಲು ಇಂಚು ಹೆಚ್ಚಾದರೂ ಮುಂದಿನ ಸ್ವರಗಳೆಲ್ಲ ತಾಳ ತಪ್ಪುತ್ತವೆ. ಒಮ್ಮೆ ಹಾಗೇ ಆಯಿತು. ತಪ್ಪು ತುಂಡು ಯಾವುದೆಂದು ಕಂಡುಹಿಡಿಯಲು ಬಿಬಿಸಿಯ ಮೇಡಾ ವೇಲ್ ಕಟ್ಟಡದ ಉದ್ದನೆಯ ಓಣಿಯಲ್ಲಿ ಟೇಪುಗಳನ್ನು ಪಕ್ಕಪಕ್ಕ ಹಾಸಿ, ಅಂಟುಗಳು ಎಲ್ಲಿ ಸರಿಸಾಲಿಗೆ ಬರುತ್ತಿಲ್ಲವೆಂದು ನೋಡುತ್ತಾ ನಡೆದರು. ಗ್ರೇನರ್ ಕೇಳಿ ಬೆರಗಾಗಿ, ಡರ್ಬಿಶೈರ್‌ಗೂ ಪಾಲು ಸಿಗಲೆಂದು ಬಯಸಿದರು. ಸಂಸ್ಥೆಯ ನಿಯಮ ಒಪ್ಪಲಿಲ್ಲ. ಆಕೆಯ ಹೆಸರು ತೆರೆಯ ಮೇಲೆ ಬಂದದ್ದು 2013ರ ವಿಶೇಷ ಕಂತಿನಲ್ಲಿ, ಆಕೆ ತೀರಿಕೊಂಡು ಹನ್ನೆರಡು ವರ್ಷದ ಮೇಲೆ.

ಶೀರ್ಷಿಕೆಯಲ್ಲಿ ಹೊಗೆಯಂತೆ ಮೇಲೇರುವ ಬೆಳಕು ಹೇಗೆ ಮಾಡಿದ್ದು?

ಕ್ಯಾಮೆರಾವನ್ನು ಅದರದೇ ಚಿತ್ರ ತೋರಿಸುವ ಪರದೆಯತ್ತ ತಿರುಗಿಸಿ. ಕ್ಷೌರದಂಗಡಿಯಲ್ಲಿ ಎದುರುಬದುರು ಕನ್ನಡಿ ಇಟ್ಟಾಗ ಆಗುವುದೇ ಇಲ್ಲೂ ಆಗುತ್ತದೆ. ಬರ್ನಾರ್ಡ್ ಲಾಜ್ ಶೀರ್ಷಿಕೆ ರೂಪಿಸಿದ್ದು ಈ ತಂತ್ರದಿಂದಲೇ.

ಮಾಡಿನೋಡುವವರಿಗೆ: ವೆಬ್‌ಕ್ಯಾಮನ್ನು ಲ್ಯಾಪ್‌ಟಾಪಿಗೆ, ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ, ಕ್ಯಾಮೆರಾ ಚಿತ್ರವನ್ನು ಪೂರ್ತಿ ಪರದೆಗೆ ಹಾಕಿ, ಕೋಣೆ ಕತ್ತಲಾಗಿಸಿ. ಫೋಕಸ್ ಮತ್ತು ಎಕ್ಸ್‌ಪೋಶರ್ ಎರಡನ್ನೂ ಕೈಯಾರೆ ಕಟ್ಟಿಹಾಕಿ. ಇವು ತಾವಾಗಿ ಬದಲಾಗುತ್ತಿದ್ದರೆ ಚಿತ್ರ ನಿಲ್ಲುವುದೇ ಇಲ್ಲ. ಕ್ಯಾಮೆರಾವನ್ನು ಐದಾರು ಡಿಗ್ರಿ ಓರೆ ಮಾಡಿ, ಟಾರ್ಚ್ ಒಮ್ಮೆ ಮಿಂಚಿಸಿ. ಬೆಳಕು ತಕ್ಷಣ ಸತ್ತರೆ ಟಿವಿಯ ಬ್ರೈಟ್‌ನೆಸ್ ಒಂದು ಚೂರು ಏರಿಸಿ. ಪರದೆ ಪೂರಾ ಬೆಳ್ಳಗಾದರೆ ಇಳಿಸಿ. ಎರಡರ ನಡುವಿನ ಕೂದಲೆಳೆಯಷ್ಟು ಜಾಗದಲ್ಲೇ ಸುರುಳಿ ಹುಟ್ಟುವುದು. ಆದರೂ 1963ರಂತೆ ನುಣ್ಣಗೆ ಹರಿಯದೆ ಮಿಡಿಯುತ್ತದೆ, ಏಕೆಂದರೆ ಡಿಜಿಟಲ್ ಸರಪಳಿಯಲ್ಲಿ ಪ್ರತಿ ಸುತ್ತಿಗೂ ಒಂದಿಷ್ಟು ತಡ. ಹಳೆಯ ಕ್ಯಾಮೆರಾದಲ್ಲಿ ಆ ತಡ ಇರಲಿಲ್ಲವೆಂದೇ ಹೇಳಬೇಕು.

ಸೂಸನ್ ದಶಮಾಂಶ ನಾಣ್ಯದ ಮಾತಾಡುತ್ತಾಳೆ. ಬ್ರಿಟನ್ನಿಗೆ ಅದು ಬಂದದ್ದು ಆಮೇಲೆ. ಬರಹಗಾರರು ಭವಿಷ್ಯ ನುಡಿದರೇ?

ಪೌಂಡಿಗೆ ಎಷ್ಟು ಶಿಲ್ಲಿಂಗ್ ಎಂದು ಗೊತ್ತಿಲ್ಲದೆ ಆಕೆ ತಡವರಿಸುವ ದೃಶ್ಯವದು. ಉತ್ತರ 20, ಶಿಲ್ಲಿಂಗಿಗೆ 12 ಪೆನ್ಸ್. ದಶಮಾಂಶ ಪದ್ಧತಿ ಜಾರಿಯಾದದ್ದು 1971ರ ಫೆಬ್ರವರಿ 15ರಂದು. ಆದರೆ ಈ ಬಗ್ಗೆ ವಿಚಾರಿಸಲು ಸರ್ಕಾರ ಸಮಿತಿ ನೇಮಿಸಿದ್ದು 1961ರಲ್ಲೇ, ಹಾಗಾಗಿ ಜೋಯಿಸರ ಕೆಲಸವೇನಿಲ್ಲ. ಆಣೆ ಬಿಟ್ಟು ನಯಾಪೈಸೆಗೆ ನಾವು ಹೊರಳಿ ಆಗಲೇ ಆರು ವರ್ಷವಾಗಿತ್ತು.

ಎಲ್ಲಿ ನೋಡಬಹುದು? ಚಿತ್ರ ಯಾಕೆ ಮಸುಕು?

ಮೂಲ ಟೇಪು ಅಳಿಸಿಹೋಗಿದೆ. ಉಳಿದಿರುವುದು ಹೊರದೇಶಗಳಿಗೆ ಮಾರಲು ಟಿವಿ ಪರದೆಯಿಂದಲೇ 16 ಮಿ.ಮೀ. ಫಿಲ್ಮಿಗೆ ಇಳಿಸಿಕೊಂಡ ಪ್ರತಿ. ಸೆಕೆಂಡಿಗೆ 50 ಸಲ ಬದಲಾಗುತ್ತಿದ್ದ ಚಿತ್ರ ಫಿಲ್ಮಿನಲ್ಲಿ 25 ಆದದ್ದರಿಂದ ಚಲನೆ ತುಸು ಒರಟು. ಡಿವಿಡಿ ಮಾಡುವಾಗ ನಡುವಿನ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತುಂಬಿ ಆ ನುಣುಪನ್ನು ಮರಳಿ ತಂದಿದ್ದಾರೆ.

2023ರ ನವೆಂಬರಿನಲ್ಲಿ ಬಿಬಿಸಿ ತನ್ನ ಆನ್‌ಲೈನ್ ವೀಕ್ಷಣಾ ತಾಣ ಐಪ್ಲೇಯರಿಗೆ 800ಕ್ಕೂ ಹೆಚ್ಚು ಕಂತು ಏರಿಸಿದಾಗ ಹಕ್ಕಿನ ತಕರಾರಿನಿಂದ ಈ ಮೊದಲ ಕತೆಯ ನಾಲ್ಕು ಕಂತುಗಳು ಹೊರಗುಳಿದವು. ಹಾಗಾಗಿ 2006ರ ಬ್ರಿಟಿಷ್ ಡಿವಿಡಿ ಪೆಟ್ಟಿಗೆ ಹುಡುಕುವುದು ಒಂದು ದಾರಿ. ಡಿವಿಡಿಗಳನ್ನು ದೇಶವಾರು ವಲಯಗಳಿಗೆ ಸೀಮಿತ ಮಾಡಿರುತ್ತಾರೆ: ಅದು ವಲಯ 2ರದು, ಭಾರತದ ಪ್ಲೇಯರ್‌ಗಳು ವಲಯ 5. ಎಲ್ಲ ವಲಯಕ್ಕೂ ಒಗ್ಗುವ ಪ್ಲೇಯರ್ ಇದೆಯೇ ನೋಡಿಕೊಂಡೇ ದುಡ್ಡು ಕೊಡಿ. ಕಂಪ್ಯೂಟರಿನ ಡ್ರೈವಿನಲ್ಲಿ ವಲಯ ಬದಲಿಸಲು ಐದೇ ಅವಕಾಶ, ಐದನೆಯದರಲ್ಲಿ ಅದು ಅಲ್ಲೇ ಕೂತುಬಿಡುತ್ತದೆ. ಆ ಪೆಟ್ಟಿಗೆಯಲ್ಲಿ ಬಾಗಿಲು ಬಡಿಯುವ ಮೊದಲ ಆವೃತ್ತಿಯೂ ಇದೆ. ಅದನ್ನು ಎರಡನೆಯದಾಗಿ ನೋಡಿ.