ಮೊಬೈಲ್ ಸ್ಟಾರ್ಟರ್ ತಗೊಳ್ಳೋ ಮುಂಚೆ: ಆ್ಯಪ್ ಸತ್ತ ದಿನ ಮೋಟರ್ ಓಡುತ್ತಾ ನೋಡಿ

ಅಣ್ಣಾ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿ ಮೋಟರ್ ಹಾಕೋಕೆ ಎದ್ದಾಗಲೇ ನೋಡಿದೆ. ಕಣ್ಣು ಎಳೀತಿತ್ತು, ಬರೆಯೋಕಾಗಲಿಲ್ಲ. ನೀವು ಕೇಳಿದ್ದು ಇಷ್ಟು: ಮೂರು ವರ್ಷದ ಹಿಂದೆ ಬೋರ್‌ವೆಲ್‌ಗೆ ಹಾಕಿಸಿದ ಮೊಬೈಲ್ ಸ್ಟಾರ್ಟರಿನ (ದೂರದಿಂದಲೇ ಫೋನಿನಲ್ಲಿ ಮೋಟರ್ ಹಾಕಿ ಆರಿಸೋ ಪೆಟ್ಟಿಗೆ) ಆ್ಯಪ್ ಈಗ ವರ್ಷದ ಚಂದಾ ಕೇಳ್ತಿದೆ, ದುಡ್ಡು ಕಟ್ಟಿದ ಮೇಲೂ ಲಾಗಿನ್ ಆಗ್ತಿಲ್ಲ, ಬಿಸಾಕಿ ಬೇರೆ ಯಾವ ಕಂಪನೀದು ತಗೊಳ್ಳಲಿ ಅಂತ. ಕೆಳಗೆ ಎಲ್ಲರೂ ತಮ್ಮ ತಮ್ಮ ಕಂಪನಿ ಹೆಸರು ಹೇಳಿದಾರೆ. ನಾನು ಹೇಳಲ್ಲ. ಇವತ್ತು ಚೆನ್ನಾಗಿರೋದು ಇನ್ನು ಮೂರು ವರ್ಷಕ್ಕೆ ನಿಮ್ಮದರ ಹಾಗೇ ಆಗಬಹುದು. ಹೆಸರಿಗಿಂತ ಮೊದಲು ಕೇಳಬೇಕಾದ್ದು ಬೇರೆ ಇದೆ: ಆ ಕಂಪನಿ ನಾಳೆ ಬಾಗಿಲು ಹಾಕಿದ್ರೆ ನಿಮ್ಮ ಮೋಟರ್ ಏಳುತ್ತಾ?

ನನಗೆ ಇದು ಪುಸ್ತಕ ಓದಿ ಬಂದ ಬುದ್ಧಿಯಲ್ಲ. ನಮ್ಮ ತೋಟದಲ್ಲಿ ಮೊದಲು ಹಾಕಿಸಿದ್ದು ಬರೀ ಆ್ಯಪ್ ಮೇಲೆ ನಡೆಯೋ ಪೆಟ್ಟಿಗೆ. ಹಾಕೋಕೆ ಬಂದ ಹುಡುಗ ಪ್ಯಾನೆಲ್ ಬೋರ್ಡಿನ ಹಸಿರು ಬಟನ್, ಕೆಂಪು ಬಟನ್ ಎರಡರ ವೈರನ್ನೂ ಕಿತ್ತು ನೇರ ತನ್ನ ಪೆಟ್ಟಿಗೆಗೆ ಕೊಟ್ಟ. "ಇನ್ನು ನೀವು ಬಟನ್ ಒತ್ತೋ ಹಾಗೇ ಇಲ್ಲ ಸಾರ್, ಎಲ್ಲಾ ಮೊಬೈಲಲ್ಲೇ" ಅಂದ. ನಾನೂ ಖುಷಿಪಟ್ಟೆ. ಎರಡನೇ ಬೇಸಿಗೆ, ಏಪ್ರಿಲ್‌ನಲ್ಲಿ, ಅಡಿಕೆಯ ಎಳೆ ಕಾಯಿ ಉದುರೋಕೆ ಶುರುವಾಗಿದ್ದ ಹೊತ್ತು. ರಾತ್ರಿ ಎರಡು ಗಂಟೆಗೆ ಮೋಟರ್ ಓಡಿಸೋ ತ್ರೀ ಫೇಸ್ ಕರೆಂಟ್ ಬಂತು, ಆ್ಯಪ್ ಮಾತ್ರ ಗಿರಗಿರ ಸುತ್ತುತ್ತಾ ಕೂತಿತು. ಬ್ಯಾಟರಿ ಹಿಡ್ಕೊಂಡು ತೋಟಕ್ಕೆ ಓಡಿದೆ. ಬೋರ್ಡಿನಲ್ಲಿ ಕೆಂಪು, ಹಳದಿ, ನೀಲಿ ಮೂರೂ ದೀಪ ಜಗ್ ಅಂತ ಉರೀತಾ ಇವೆ, ವೋಲ್ಟೇಜ್ ಬಂಗಾರದ ಹಾಗಿದೆ, ಮೋಟರ್ ಮಾತ್ರ ಸುಮ್ಮನಿದೆ. ಹಸಿರು ಬಟನ್ ಒತ್ತಿದ್ರೆ ಟಕ್ ಅನ್ನುತ್ತೆ, ಅದರ ಹಿಂದೆ ವೈರೇ ಇಲ್ಲ! ಅವರ ಸರ್ವರ್ ಕೆಟ್ಟಿದ್ದು ನಾಲ್ಕು ದಿನ. ಆ ನಾಲ್ಕು ರಾತ್ರಿ ಕರೆಂಟ್ ಇತ್ತು, ಬೋರಿನಲ್ಲಿ ನೀರಿತ್ತು, ದುಡ್ಡು ಕೊಟ್ಟು ತಂದ ಮೋಟರ್ ಇತ್ತು. ಅಪ್ಪಣೆ ಮಾತ್ರ ಇರಲಿಲ್ಲ.

(ಆ ರಾತ್ರಿ ಮೋಟರಿಗೆ ಕರೆಂಟ್ ಕೂಡಿಸೋ ಕಂಟ್ಯಾಕ್ಟರನ್ನ ಒಣ ಕೋಲಿನಿಂದ ಒತ್ತಿ ಹಿಡಿದು ಓಡಿಸಿದೆ. ನಮ್ಮ ಕಡೆ ಎಲ್ಲರೂ ಮಾಡ್ತಾರೆ. ದಯವಿಟ್ಟು ಮಾಡಬೇಡಿ. ಮೋಟರಿಗೆ ಹೊರೆ ಜಾಸ್ತಿಯಾಗಿ ಓವರ್‌ಲೋಡ್ ರಿಲೇ ಬಿದ್ದಾಗ ಅದು ಕಡಿಯೋದು ಕಂಟ್ಯಾಕ್ಟರನ್ನ ಎಳೆದು ಹಿಡಿಯೋ ಕಾಯಿಲ್‌ಗೆ ಹೋಗೋ ದಾರಿಯನ್ನ. ನೀವು ಕೋಲಲ್ಲಿ ಒತ್ತಿ ಹಿಡಿದಿದ್ರೆ ಅದು ಕಡಿದೂ ಪ್ರಯೋಜನ ಇಲ್ಲ. ಮೋಟರಿನೊಳಗಿನ ತಂತಿ ಸುರುಳಿ ಸುಟ್ಟು ಹೋಗುತ್ತೆ, ಜೊತೆಗೆ ಕೈಯೂ ಹೋಗಬಹುದು.)

ಹಾಗಾಗಿ ನಿಮ್ಮ ಪೆಟ್ಟಿಗೆ ಬಿಸಾಕೋ ಮುಂಚೆ ಮೋಟರ್ ರಿಪೇರಿಯವರನ್ನ ಕರೆಸಿ, ಮೇನ್ ಆಫ್ ಮಾಡಿಸಿ, ಫ್ಯೂಸ್ ಕಿತ್ತಿಟ್ಟು, ಬೋರ್ಡ್ ತೆಗೆಸಿ ನೋಡಿ. ಈ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಎರಡು ರಿಲೇ, ಅಂದ್ರೆ ಕರೆಂಟಿನಿಂದ ತಾನೇ ಕೂಡಿ ಬಿಡೋ ಸಣ್ಣ ಸ್ವಿಚ್ಚು, ಇರುತ್ತೆ. ಸ್ಟಾರ್ಟ್ ರಿಲೇಯ ವೈರು ಹಸಿರು ಬಟನ್ನಿಗೆ ಪ್ಯಾರಲಲ್ ಆಗಿ ಬರಬೇಕು, ಅಂದ್ರೆ ಬಟನ್ ಒತ್ತಿದ್ರೂ ಮೋಟರ್ ಏಳುತ್ತೆ, ರಿಲೇ ಒತ್ತಿದ್ರೂ ಏಳುತ್ತೆ. ಸ್ಟಾಪ್ ರಿಲೇ ಕೆಂಪು ಬಟನ್ನಿನ ಜೊತೆ ಸೀರೀಸ್‌ನಲ್ಲಿ, ಅಂದ್ರೆ ಒಂದರ ಹಿಂದೆ ಒಂದು, ಎನ್‌ಸಿ ಕಾಂಟ್ಯಾಕ್ಟ್ ಮೇಲೆ ಇರಬೇಕು. ಎನ್‌ಸಿ ಅಂದ್ರೆ ಪೆಟ್ಟಿಗೆಗೆ ಜೀವ ಇಲ್ಲದಾಗಲೂ ಕೂಡಿಕೊಂಡೇ ಇರೋದು. ಹೀಗೆ ಕೊಟ್ಟಿದ್ರೆ ಪೆಟ್ಟಿಗೆ ಜೀವ ಬಿಟ್ಟರೂ ನಿಮ್ಮ ಹಸಿರು, ಕೆಂಪು ಬಟನ್ ಮೊದಲಿನ ಹಾಗೇ ಕೆಲಸ ಮಾಡುತ್ತವೆ. ದೊಡ್ಡ ಮೋಟರಿಗೆ ಹಾಕೋ ಸ್ಟಾರ್ ಡೆಲ್ಟಾ ಸ್ಟಾರ್ಟರ್ ಆದ್ರೂ ಲೆಕ್ಕ ಇದೇ. ಅರ್ಧ ಗಂಟೆ ಕೆಲಸ. ಇದೊಂದು ಮಾಡಿಸಿಬಿಟ್ರೆ ಹೊಸದು ಯಾವುದು ಅನ್ನೋದನ್ನ ನಿಧಾನವಾಗಿ ಯೋಚನೆ ಮಾಡಬಹುದು, ತೋಟ ಒಣಗಲ್ಲ.

ಈಗ ಹೊಸದರ ವಿಚಾರ. ಅಂಗಡಿಯಲ್ಲಿ ಎಲ್ಲವನ್ನೂ "ಮೊಬೈಲ್ ಸ್ಟಾರ್ಟರ್" ಅಂತಲೇ ಮಾರ್ತಾರೆ, ಒಳಗೆ ಮಾತ್ರ ಜಾತಿ ಬೇರೆ ಬೇರೆ. ಒಂದು, ಮಿಸ್ಡ್ ಕಾಲ್ ಇಲ್ಲಾ ಎಸ್ಸೆಮ್ಮೆಸ್ಸಿಗೆ ಏಳೋದು. ಇದರ ಬುದ್ಧಿಯೆಲ್ಲಾ ಪೆಟ್ಟಿಗೆ ಒಳಗೇ ಇರುತ್ತೆ, ನಡುವೆ ಯಾರ ಸರ್ವರೂ ಇಲ್ಲ. ನೋಡೋಕೆ ಹಳೇ ಕಾಲದ್ದು, ಚಿತ್ರ ಗಿತ್ರ ಇಲ್ಲ, ಆದ್ರೆ ನನ್ನ ಮತ ಇದಕ್ಕೇ. ಇನ್ನೊಂದರಲ್ಲಿ ಆ್ಯಪ್ ಇರುತ್ತೆ, ಆದ್ರೆ ಆ್ಯಪ್ ಒಳಗಿಂದ ಹೋಗೋದೂ ಎಸ್ಸೆಮ್ಮೆಸ್ಸೇ. ಪರವಾಗಿಲ್ಲ. ಮೂರನೇದು ನಿಮ್ಮ ಬಳಿ ಇರೋದು: ನೀವು ಒತ್ತಿದ್ದು ಮೊದಲು ಕಂಪನಿಯ ಸರ್ವರಿಗೆ ಹೋಗಿ, ಅಲ್ಲಿಂದ ನಿಮ್ಮ ತೋಟಕ್ಕೆ ಬರಬೇಕು. ಮನೆಯಿಂದ ಬೋರಿಗೆ ಇನ್ನೂರು ಮೀಟರ್, ಅಪ್ಪಣೆ ಮಾತ್ರ ಎಲ್ಲೋ ಊರು ಸುತ್ತಿ ಬರುತ್ತೆ.

ಯಾವುದು ಯಾವ ಜಾತಿ ಅಂತ ಅಂಗಡಿಯಲ್ಲೇ ಪತ್ತೆ ಮಾಡಬಹುದು. ಡೆಮೋ ತೋರಿಸುವಾಗ ನಿಮ್ಮ ಫೋನಿನ ಡೇಟಾ, ವೈಫೈ ಎರಡೂ ಆಫ್ ಮಾಡಿ, ಈಗ ಹಾಕಿ ನೋಡೋಣ ಅನ್ನಿ. ಎಸ್ಸೆಮ್ಮೆಸ್ ಕಮಾಂಡುಗಳ ಚೀಟಿ ಕೇಳಿ, ಬಿಲ್ ಜೊತೆ ಪಿನ್ ಮಾಡಿಸಿಕೊಳ್ಳಿ. ಸಿಮ್ ಹಾಕೋ ಜಾಗ ಹೊರಗಿದೆಯಾ, ನಮ್ಮದೇ ಸಿಮ್ ಹಾಕಬಹುದಾ ನೋಡಿ. ಕೆಲವರು ತಮ್ಮದೇ ಸಿಮ್ ಒಳಗೆ ಕೂರಿಸಿ ಕೊಡ್ತಾರೆ, ಅಲ್ಲಿಗೆ ನೀವು ವರ್ಷ ವರ್ಷ ಬಾಡಿಗೆ ಕಟ್ಟೋ ಬಾಡಿಗೆದಾರರು. ಇನ್ನೊಂದು, ಯಾರೂ ಹೇಳದ ವಿಷಯ: ಮಾಸ್ಟರ್ ನಂಬರ್ ಅಂತ ಒಂದಿರುತ್ತೆ, ಉಳಿದ ನಂಬರ್ ಸೇರಿಸೋ ತೆಗೆಯೋ ಅಧಿಕಾರ ಅದಕ್ಕೆ. ಎಷ್ಟೋ ಕಡೆ ಡೀಲರ್ ತನ್ನ ನಂಬರನ್ನೇ ಅಲ್ಲಿ ಹಾಕಿಟ್ಟಿರ್ತಾನೆ. ನಿಮ್ಮ ನಂಬರ್ ಹಾಕಿಸಿ, ಪಾಸ್‌ವರ್ಡ್ ಬದಲಾಯಿಸಿ, ಆಮೇಲೇ ದುಡ್ಡು ಕೊಡಿ.

ಸಿಮ್ ವಿಚಾರಕ್ಕೆ ಬಂದಿದ್ದಕ್ಕೆ: ಹಳೇ ಪೆಟ್ಟಿಗೆಗಳಲ್ಲಿ ಇರೋದು 2ಜಿ ಮಾಡ್ಯೂಲ್, ಅಂದ್ರೆ ಹಳೇ ಕಾಲದ ಮೊಬೈಲ್ ಜಾಲ ಹಿಡಿಯೋ ಭಾಗ. ಜಿಯೋಗೆ 2ಜಿ ಜಾಲವೇ ಇಲ್ಲ, ಅದಕ್ಕೇ ಜಿಯೋ ಸಿಮ್ ಅದರಲ್ಲಿ ಕೆಲಸ ಮಾಡಲ್ಲ, ಪೆಟ್ಟಿಗೆ ಕೆಟ್ಟಿಲ್ಲ. ಹೊಸದು ತಗೊಳ್ಳೋದಾದ್ರೆ 4ಜಿದೇ ತಗೊಳ್ಳಿ, ಆದ್ರೆ ಆ ಸಿಮ್ಮಿಗೆ ನಿಮ್ಮ ತೋಟದಲ್ಲಿ ಸಿಗ್ನಲ್ ಇದೆಯಾ ಅಂತ ಬೋರ್ಡ್ ಪಕ್ಕದಲ್ಲೇ ನಿಂತು ನೋಡಿ, ಮನೆ ಜಗಲಿಯಲ್ಲಿ ಅಲ್ಲ. ಸಿಂಗಲ್ ಫೇಸಿಂಗ್ (ಒಂದು ಫೇಸ್ ಹೋಗೋದು), ಡ್ರೈ ರನ್ (ನೀರಿಲ್ಲದೆ ಓಡೋದು), ಲೋ ವೋಲ್ಟೇಜ್, ಇವುಗಳಿಂದ ರಕ್ಷಣೆ ಎಲ್ಲಾ ಪೆಟ್ಟಿಗೆಯಲ್ಲೇ ನಡೀಬೇಕು, ಸರ್ವರ್ ಕೇಳಿಕೊಂಡು ಅಲ್ಲ. ಕರೆಂಟ್ ಬಂದಾಗ ಮೋಟರ್ ತಾನೇ ಏಳೋ ಹಾಗೆ ಆಟೋ ಇಟ್ಟರೆ, ಸ್ವಲ್ಪ ತಡವಾಗಿ ಏಳೋಕೆ ಡಿಲೇ ಹಾಕಿ, ಅಕ್ಕಪಕ್ಕದವರ ಡಿಲೇ ಎಷ್ಟು ಅಂತ ಕೇಳಿ ಬೇರೆ ಹಾಕಿ. ಕರೆಂಟ್ ಬಂದ ಕೂಡಲೇ ಒಂದೇ ಟಿಸಿಯ (ಟ್ರಾನ್ಸ್‌ಫಾರ್ಮರ್) ಮೋಟರುಗಳೆಲ್ಲಾ ಒಟ್ಟಿಗೆ ಎದ್ದರೆ ಟಿಸಿ ಹೋಗುತ್ತೆ, ಆಮೇಲೆ ಯಾರ ಆ್ಯಪ್ ಇದ್ದೂ ಏನೂ ಉಪಯೋಗ ಇಲ್ಲ.

"ದೊಡ್ಡ ಕಂಪನೀದು ತಗೊಂಡ್ರೆ ಈ ತಲೆನೋವೇ ಇರಲ್ಲ" ಅಂತ ಮೇಲೆ ಒಬ್ಬರು ಬರೆದಿದಾರೆ. ಅದನ್ನ ನಾನು ಒಪ್ಪಲ್ಲ. ಅಮೆರಿಕದಲ್ಲಿ ರಿವಾಲ್ವ್ ಅಂತ ಒಂದು ಯಂತ್ರ ಇತ್ತು, ಮನೆಯ ದೀಪ, ಬೀಗ ಎಲ್ಲಾ ಫೋನಿನಿಂದ ನಡೆಸೋದು, 300 ಡಾಲರ್. 2014ರಲ್ಲಿ ಗೂಗಲ್‌ನ ನೆಸ್ಟ್ ಆ ಕಂಪನಿಯನ್ನ ಕೊಂಡುಕೊಳ್ತು. ಗೂಗಲ್‌ಗಿಂತ ದೊಡ್ಡದು ಬೇಕಾ? 2016ರ ಮೇ ತಿಂಗಳಲ್ಲಿ ಸರ್ವರ್ ನಿಲ್ಲಿಸಿದ್ರು. ಜನ ದುಡ್ಡು ಕೊಟ್ಟು ತಂದಿದ್ದ ಯಂತ್ರಗಳು ಬರೀ ಡಬ್ಬಿ ಆದವು. ಕೆಟ್ಟಿರಲಿಲ್ಲ, ಒಳಗಿನ ಒಂದು ತಂತಿಯೂ ಕಡಿದಿರಲಿಲ್ಲ. ಸಣ್ಣ ಕಂಪನಿ ಮುಳುಗಿ ಕೈಬಿಡುತ್ತೆ, ದೊಡ್ಡದು ಲಾಭ ಸಾಲದು ಅಂತ ಕೈಬಿಡುತ್ತೆ.

ಟ್ರ್ಯಾಕ್ಟರ್ ಕಥೆ ಇನ್ನೂ ಹತ್ತಿರದ್ದು. ಅಮೆರಿಕದ ರೈತರು ಜಾನ್ ಡಿಯರ್ ಟ್ರ್ಯಾಕ್ಟರ್ ಕಂಪನಿ ಜೊತೆ ವರ್ಷಾನುಗಟ್ಟಲೆ ಜಗಳ ಆಡ್ತಿರೋದು ಇದಕ್ಕೇ. ಎಷ್ಟೋ ರಿಪೇರಿಗೆ ಡೀಲರ್ ಬಳಿ ಮಾತ್ರ ಇದ್ದ ಸಾಫ್ಟ್‌ವೇರ್ ಬೇಕಿತ್ತು. ಪಾರ್ಟ್ ನೀವೇ ತಂದು ಹಾಕಿದ್ರೂ ಅವರು ಬಂದು ಕಂಪ್ಯೂಟರಿನಲ್ಲಿ ಒಪ್ಪಿಗೆ ಕೊಡೋವರೆಗೆ ಗಾಡಿ ಒಪ್ತಿರಲಿಲ್ಲ, ಕಟಾವಿನ ಹೊತ್ತಿನಲ್ಲೂ. 2023ರಲ್ಲಿ ಕೊಲರಾಡೋ ರಾಜ್ಯ ಕೃಷಿ ಯಂತ್ರ ರಿಪೇರಿ ರೈತನ ಹಕ್ಕು ಅಂತ ಕಾನೂನು ಮಾಡ್ತು, ಅದು 2024ರ ಜನವರಿಯಿಂದ ಜಾರಿ. 2025ರ ಜನವರಿಯಲ್ಲಿ ಅಲ್ಲಿನ ಕೇಂದ್ರ ಸರ್ಕಾರದ ವ್ಯಾಪಾರ ಆಯೋಗವೇ ಕಂಪನಿ ಮೇಲೆ ದಾವೆ ಹೂಡ್ತು. 2022ರಲ್ಲಿ ಉಕ್ರೇನಿನ ಮೆಲಿಟೊಪೋಲ್‌ನ ಡೀಲರ್ ಅಂಗಳದಿಂದ ರಷ್ಯಾ ಸೈನಿಕರು ಟ್ರ್ಯಾಕ್ಟರು, ಕಟಾವು ಯಂತ್ರ ಹೊತ್ತೊಯ್ದಿದ್ದು, ಅವನ್ನ ದೂರದಿಂದಲೇ ಲಾಕ್ ಮಾಡಿದ್ದು ಸುದ್ದಿಯಾಗಿತ್ತು. ಕಳ್ಳರಿಗೆ ಸರಿಯಾಯ್ತು ಅಂತ ನಾನೂ ನಕ್ಕೆ. ಆಮೇಲೆ ಮಲಗಿದಾಗ ಹೊಳೀತು: ಕಳ್ಳನ ಗಾಡಿ ನಿಲ್ಲಿಸೋ ಸ್ವಿಚ್ಚು ಯಜಮಾನನ ಗಾಡಿಯಲ್ಲೂ ಇದೆ, ಸ್ವಿಚ್ಚು ಯಜಮಾನನ ಕೈಯಲ್ಲಿ ಇಲ್ಲ ಅಷ್ಟೇ.

ನಮ್ಮಲ್ಲಿ ಇನ್ನೂ ಅಷ್ಟು ಬಂದಿಲ್ಲ. 2023ರ ಜನವರಿಯಿಂದ 50 ಎಚ್‌ಪಿ ಮೇಲಿನ ಟ್ರ್ಯಾಕ್ಟರುಗಳಿಗೆ ಹೊಸ ಹೊಗೆ ನಿಯಮ ಬಂದು ಎಂಜಿನ್‌ಗೆ ಕಂಪ್ಯೂಟರ್ ಕೂತಿದೆ. ಅದಕ್ಕಿಂತ ಸಣ್ಣ ಗಾಡಿ ಇರೋರು ಸದ್ಯಕ್ಕೆ ಪುಣ್ಯವಂತರು, ಸ್ಪ್ಯಾನರ್ ಇದ್ದೋನು ಇನ್ನೂ ರಿಪೇರಿ ಮಾಡ್ತಾನೆ.

ನನ್ನ ಮಗ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದಾನೆ. ಹಬ್ಬಕ್ಕೆ ಬಂದಾಗ ಈ ವಿಷಯ ತೆಗೆದೆ, ಅವನು ರಿಚರ್ಡ್ ಸ್ಟಾಲ್‌ಮನ್ ಅಂತ ಒಬ್ಬರ ಕಥೆ ಹೇಳಿದ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿದ್ದವರು. ಅವರ ಲ್ಯಾಬಿನ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡ್ರೆ ಎಲ್ಲರ ಕಂಪ್ಯೂಟರಿಗೂ ಸುದ್ದಿ ಹೋಗೋ ಹಾಗೆ ಪ್ರೋಗ್ರಾಂ ತಿದ್ದಿಕೊಂಡಿದ್ರಂತೆ. ಹೊಸ ಪ್ರಿಂಟರ್ ಬಂದಾಗ ಅದರ ಪ್ರೋಗ್ರಾಮಿನ ಮೂಲ ಬರಹ (ಸೋರ್ಸ್ ಕೋಡ್) ಕೊಡಲಿಲ್ಲ, ತಿದ್ದೋ ದಾರಿಯೇ ಹೋಯ್ತು. ಅಂಥ ಅನುಭವಗಳಿಂದಲೇ 1983ರಲ್ಲಿ ಗ್ನೂ ಅನ್ನೋ ಸ್ವತಂತ್ರ ತಂತ್ರಾಂಶದ ಕೆಲಸ ಶುರು ಮಾಡಿದ್ರು. ಓಡಿಸು, ಬಿಚ್ಚಿ ನೋಡು, ತಿದ್ದು, ಹಂಚು, ಇಷ್ಟೇ ಅವರ ಬೇಡಿಕೆ. ಇಂಗ್ಲಿಷಿನಲ್ಲಿ ಅದನ್ನ ಫ್ರೀ ಅಂದು ಪುಕ್ಕಟೆ ಅಂತ ಜನ ತಪ್ಪು ತಿಳ್ಕೊಂಡ್ರಂತೆ. ನಮಗೆ ಆ ಗೊಂದಲ ಇಲ್ಲ, ಸ್ವತಂತ್ರ ಬೇರೆ, ಬಿಟ್ಟಿ ಬೇರೆ.

ನಾನು ಮಗನಿಗೆ ಹೇಳಿದೆ, ಇದು ನಮಗೆ ಹೊಸದಲ್ಲ ಕಣೋ, ನಮ್ಮ ಬೀಜದ ಕಾನೂನಿನಲ್ಲಿ ಇದೇ ಇದೆ ಅಂತ. 2001ರ ಸಸ್ಯ ತಳಿ ಮತ್ತು ರೈತರ ಹಕ್ಕು ಕಾಯ್ದೆ, 39ನೇ ಸೆಕ್ಷನ್. ಕಂಪನಿ ನೋಂದಾಯಿಸಿದ ತಳಿಯೇ ಆದ್ರೂ, ಬೆಳೆದ ರೈತ ಬೀಜ ಉಳಿಸಬಹುದು, ಮತ್ತೆ ಬಿತ್ತಬಹುದು, ಕೈಬದಲು ಮಾಡಬಹುದು, ಮಾರಬಹುದು. ಆ ತಳಿಯ ಹೆಸರಿನ ಚೀಟಿ ಹಚ್ಚಿದ ಚೀಲದಲ್ಲಿ ತುಂಬಿ ಮಾರೋ ಹಾಗಿಲ್ಲ ಅಷ್ಟೇ. ಕೊಂಡ ಬೀಜಕ್ಕೆ ಇಷ್ಟು ಹಕ್ಕು ಕೇಳಿ ಪಡೆದವರು, ಕೊಂಡ ಪೆಟ್ಟಿಗೆ ಲಾಗಿನ್ ಕೊಡಲ್ಲ ಅಂದ್ರೆ ತೆಪ್ಪಗೆ ಇನ್ನೊಂದು ಪೆಟ್ಟಿಗೆ ತರ್ತೀವಿ.

ಇಂಥ ಪೆಟ್ಟಿಗೆ ಸ್ವಂತ ಮಾಡಿಕೊಳ್ಳೋ ಹುಚ್ಚಿರೋರಿಗೆ ಎರಡು ಮಾತು. ಇಎಸ್‌ಪಿ32 ಅನ್ನೋ ವೈಫೈ ಇರೋ ಸಣ್ಣ ಚಿಪ್, ಅದಕ್ಕೆ ಟ್ಯಾಸ್ಮೋಟಾ ಇಲ್ಲಾ ಇಎಸ್‌ಪಿ ಹೋಮ್ ಅನ್ನೋ ಮುಕ್ತ ತಂತ್ರಾಂಶ ಹಾಕಿದ್ರೆ ಮನೆಯ ವೈಫೈ ಮುಟ್ಟೋ ಕಡೆ ಡ್ರಿಪ್ ವಾಲ್ವ್, ತೊಟ್ಟಿ ಮೋಟರ್ ಎಲ್ಲಾ ಚೆನ್ನಾಗಿ ನಡೆಸಬಹುದು, ಇಂಟರ್ನೆಟ್ಟೇ ಬೇಡ. ನಮ್ಮ ತೊಟ್ಟಿಯ ಅರ್ಧ ಎಚ್‌ಪಿ ಮೋಟರ್ ಹಾಗೇ ನಡೀತಿದೆ. ಆದ್ರೆ ತ್ರೀ ಫೇಸ್ ಬೋರ್ಡಿಗೆ ಹೋಗುವಾಗ ಹುಷಾರು. ಆನ್‌ಲೈನಲ್ಲಿ ಸಿಗೋ ನೀಲಿ ಬಣ್ಣದ ಸಣ್ಣ ರಿಲೇ ಮೇಲೆ 250 ವೋಲ್ಟ್ ಅಂತ ಬರೆದಿರುತ್ತೆ. ನಮ್ಮ ಬಹಳ ಸ್ಟಾರ್ಟರುಗಳ ಕಾಯಿಲ್ 415 ವೋಲ್ಟಿನದ್ದು, ಎರಡು ಫೇಸ್ ಮಧ್ಯೆ ಕೂತಿರುತ್ತೆ. ಆ ರಿಲೇಯನ್ನ ನೇರ ಅಲ್ಲಿಗೆ ಕೊಟ್ರೆ ಒಂದಿನ ಅಂಟಿಕೊಂಡು ಮೋಟರ್ ನಿಲ್ಲೋದೇ ಇಲ್ಲ. ನಡುವೆ ಆ ವೋಲ್ಟೇಜ್ ತಡೆಯೋ ಇನ್ನೊಂದು ರಿಲೇ ಬೇಕು. ಗೊತ್ತಿರೋ ಎಲೆಕ್ಟ್ರಿಷಿಯನ್ ಇಲ್ಲದೆ ಕೈ ಹಾಕಬೇಡಿ, ಯೂಟ್ಯೂಬ್ ನೋಡಿ ಅಂತೂ ಬೇಡವೇ ಬೇಡ.

ಚಂದಾ ದುಡ್ಡು ಕಟ್ಟಿದೀನಿ ಅಂದ್ರಲ್ಲ, ಅದನ್ನ ಬಿಡಬೇಡಿ. ಕಟ್ಟಿದ ರಸೀದಿ, ಲಾಗಿನ್ ಆಗದ ಸ್ಕ್ರೀನಿನ ಫೋಟೋ, ಮೂಲ ಬಿಲ್ ಜೋಡಿಸಿಕೊಂಡು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಮಾರುವಾಗ ಚಂದಾ ವಿಷಯ ಬಿಲ್ಲಿನಲ್ಲಾಗಲಿ ಪುಸ್ತಿಕೆಯಲ್ಲಾಗಲಿ ಇತ್ತಾ ನೋಡಿ, ಇಲ್ಲದಿದ್ರೆ ಅದನ್ನೇ ಮೊದಲು ಹೇಳಿ. ಕೇಂದ್ರ ಗ್ರಾಹಕ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಅಂತ ಮಾಡಿದೆ, ಕೃಷಿ ಉಪಕರಣವೂ ಅದರೊಳಗೆ ಬರುತ್ತೆ. ಆದ್ರೆ ಅಮೆರಿಕದ ಆ ರಾಜ್ಯದ ಹಾಗೆ ಕಾನೂನಿನ ಬಲ ಅದಕ್ಕಿಲ್ಲ, ಹೆಚ್ಚು ಆಸೆ ಇಟ್ಕೋಬೇಡಿ.

ಈಗ ಒಂದು ಕೆಲಸ ಮಾಡಿ ಅಣ್ಣಾ. ಫ್ಯೂಸ್ ಕಿತ್ತು, ಬೋರ್ಡ್ ಬಾಗಿಲು ತೆಗೆಸಿ ಎರಡು ಫೋಟೋ ಹಾಕಿ: ಒಂದು ಬಟನ್ನುಗಳ ಹಿಂಭಾಗದ್ದು, ಇನ್ನೊಂದು ಪೆಟ್ಟಿಗೆಯಿಂದ ಬರೋ ವೈರು ಕಂಟ್ಯಾಕ್ಟರಿಗೆ ಸೇರೋ ಜಾಗದ್ದು. ಪೆಟ್ಟಿಗೆಯ ಮುಚ್ಚಳ ಬಿಚ್ಚೋಕಾದ್ರೆ ಒಳಗಿನ ಮಾಡ್ಯೂಲಿನ ಮೇಲಿನ ಅಕ್ಷರವೂ ಕಾಣೋ ಹಾಗಿರಲಿ, ಕೆಲವಕ್ಕೆ ಆ್ಯಪ್ ಸತ್ತರೂ ಎಸ್ಸೆಮ್ಮೆಸ್ ಕಮಾಂಡ್ ಕೆಲಸ ಮಾಡ್ತಿರುತ್ತೆ. ಯಾವ ವೈರು ಎಲ್ಲಿಗೆ ಅಂತ ಫೋಟೋ ಮೇಲೇ ಗುರುತು ಹಾಕಿ ಕಳಿಸ್ತೀನಿ. ಈ ವಾರ ನಮ್ಮ ಲೈನಿಗೆ ಕರೆಂಟ್ ರಾತ್ರಿ ಒಂದರಿಂದ, ಹೇಗೂ ಎದ್ದಿರ್ತೀನಿ.