ಕೈತೋಟ ಪ್ರಶ್ನೋತ್ತರ: ಬೀದಿದೀಪದ ಕೆಳಗಿನ ಸೇವಂತಿಗೆ

ಪ್ರಶ್ನೆ: ಮಾಳಿಗಿ ಮ್ಯಾಲಿನ ಆರು ಕುಂಡದಾಗ ಶಾವಂತಿಗಿ ಹಚ್ಚೀವಿ. ಗಿಡ ದಟ್ಟಾಗಿ ಬೆಳದಾವ, ನವೆಂಬರ್ ಮುಗಿಯಾಕ ಬಂದರೂ ಮೊಗ್ಗು ಕಾಣವಲ್ದು. ಗೊಬ್ಬರ ಕಡಿಮಿ ಆತೇನು? (ಯಾದಗಿರಿ)

ಉತ್ತರ: ಗಿಡ ದಟ್ಟವಾಗಿದೆ ಎಂದಮೇಲೆ ಗೊಬ್ಬರದ ಮೇಲೆ ಸಂಶಯ ಬೇಡ. ರಾತ್ರಿ ಎಂಟಕ್ಕೆ ಮಾಳಿಗೆ ಹತ್ತಿ, ಕುಂಡದ ಪಕ್ಕ ದಿನಪತ್ರಿಕೆ ಹಿಡಿದು ನೋಡಿ. ಬೀದಿದೀಪದ ಬೆಳಕಿನಲ್ಲಿ ಸಣ್ಣ ಅಕ್ಷರ ಓದಲು ಬಂದರೆ ಕಾರಣ ಸಿಕ್ಕಂತೆಯೇ. ಸೇವಂತಿಗೆ ಮೊಗ್ಗು ಕಟ್ಟಲು ಅಡೆತಡೆಯಿಲ್ಲದ ಉದ್ದ ಕತ್ತಲೆ ಬೇಕು. ಕತ್ತಲೆಯನ್ನು ಅಳೆಯುವುದು ಎಲೆ. ರಾತ್ರಿಯಿಡೀ ಎಲೆಗೆ ಬೆಳಕು ಬೀಳುತ್ತಿದ್ದರೆ ಗಿಡಕ್ಕೆ ಇನ್ನೂ ಬೇಸಿಗೆಯೇ. ಒಂದೇ ಗಿಡದಲ್ಲಿ ಗೋಡೆಯ ನೆರಳಿನ ಕಡೆಯ ರೆಂಬೆ ಮೊಗ್ಗು ಬಿಟ್ಟು, ದೀಪದ ಕಡೆಯದು ಬರೀ ಎಲೆ ಹೊತ್ತು ನಿಂತಿರುವುದೂ ಉಂಟು.

ಕುಂಡಗಳನ್ನು ಬೆಳಕು ಬೀಳದ ಹಿಂಬದಿಗೆ ಸರಿಸಿ. ಜಾಗವಿಲ್ಲದಿದ್ದರೆ ಹೊತ್ತು ಮುಳುಗಿದಾಗಿನಿಂದ ಬೆಳಗ್ಗೆ ಆರೂವರೆಯವರೆಗೆ ದಪ್ಪ ಕಪ್ಪು ಬಟ್ಟೆ ಎರಡು ಪದರ ಹೊದಿಸಿ. ಬಟ್ಟೆ ಎಲೆಗೆ ತಾಗದಂತೆ ನಾಲ್ಕು ಕೋಲು ನೆಡಿ. ಪ್ಲಾಸ್ಟಿಕ್ ಹಾಳೆ ಬೇಡ, ಒಳಗೆ ಸೆಕೆ ಕಟ್ಟಿ ಮೊಗ್ಗು ತಡವಾಗುತ್ತದೆ. ಮೊಗ್ಗು ಬಟಾಣಿ ಗಾತ್ರಕ್ಕೆ ಬರುವ ತನಕ, ಅಂದರೆ ಮೂರು ನಾಲ್ಕು ವಾರ, ರಾತ್ರಿ ತಪ್ಪಿಸಬೇಡಿ. ಈಗ ಶುರು ಮಾಡಿದರೆ ಹೂ ಅರಳುವುದು ಜನವರಿ ಕೊನೆಗೆ. ದೀಪಾವಳಿ ಈ ಸಲ ಹೋಯಿತು, ಬಿಡಿ.

ಹೂ ಮುಗಿದ ಮೇಲೆ ಗಿಡವನ್ನು ಬುಡದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿ. ಬುಡದಲ್ಲಿ ಏಳುವ ಮರಿಗಳನ್ನು ಬೇರು ಸಮೇತ ಬಿಡಿಸಿ, ಜೂನ್‌ನಲ್ಲಿ ಹೊಸ ಮಣ್ಣಿಗೆ ನೆಡಿ. ನೆಟ್ಟ ನಾಲ್ಕು ವಾರಕ್ಕೆ ತುದಿ ಚಿವುಟಿ. ಆಗಸ್ಟ್ ದಾಟಿದ ಮೇಲೆ ಚಿವುಟಿದರೆ ಹೂವನ್ನೇ ಚಿವುಟಿದಂತೆ.

ಈ ಗುಣ ನಮ್ಮ ಭಾಗಕ್ಕೆ ಹೊಸದಲ್ಲ. ತೊಗರಿಯೂ ಹಗಲು ಕುಗ್ಗಿದಾಗಲೇ ಹೂವಿಗೆ ತಿರುಗುವ ಬೆಳೆ. ಜೂನ್‌ನಲ್ಲಿ ಬಿತ್ತಿದ ತೊಗರಿ ಆಳೆತ್ತರ ಬೆಳೆಯುತ್ತದೆ. ಸೆಪ್ಟೆಂಬರ್ ಕೊನೆಗೆ ಬಿತ್ತಿದ್ದು ಗಿಡ್ಡಗಿರುವಾಗಲೇ ಹೂ ಬಿಡುತ್ತದೆ.

ಪ್ರಶ್ನೆ: ಹಗಲು ಎಷ್ಟೇ ಉದ್ದವಿದ್ದರೂ ತಾನಾಗೇ ಹೂ ಬಿಡುವ 'ಆಟೋಫ್ಲವರಿಂಗ್' ಗಾಂಜಾ ಬೀಜ ಆನ್‌ಲೈನಿನಲ್ಲಿ ಸಿಗುತ್ತವಂತೆ. ಮನೆಯಲ್ಲಿ ಒಂದೆರಡು ಕುಂಡ ಇಟ್ಟರೆ ತಪ್ಪೇ? (ಬೀದರ್)

ಉತ್ತರ: ತಪ್ಪು. ಮಾದಕ ವಸ್ತುಗಳನ್ನು ತಡೆಯುವ ಎನ್‌ಡಿಪಿಎಸ್ ಕಾಯ್ದೆ, 1985 ಗಾಂಜಾ ಗಿಡ ಬೆಳೆಸುವುದನ್ನೇ ನಿಷೇಧಿಸುತ್ತದೆ. ಮನೆಬಳಕೆಗೆ ಇಷ್ಟು ಗಿಡ ಎಂಬ ರಿಯಾಯಿತಿ ಅದರಲ್ಲಿಲ್ಲ. 20ನೇ ಕಲಮಿನ ಪ್ರಕಾರ ಬೆಳೆಸಿದವರಿಗೆ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ತಳಿ ಯಾವುದಾದರೂ ಕಾನೂನಿಗೆ ಗಿಡ ಒಂದೇ. ಹಾಗಾಗಿ ಅದನ್ನು ಬೆಳೆಸುವ ವಿಧಾನ ಈ ಅಂಕಣದಲ್ಲಿ ಬರುವುದಿಲ್ಲ. ಹಗಲಿನ ಲೆಕ್ಕ ಇಡದೆ ಹೂ ಬಿಡುವ ಗಿಡವೇ ಬೇಕೆಂದರೆ ಟೊಮೆಟೊ, ಮೆಣಸಿನಕಾಯಿ ಇವೆ. ಅವುಗಳ ತಕರಾರು ಬೇರೆ. ಮುಂದಿನ ಪ್ರಶ್ನೆ ಓದಿ.

ಪ್ರಶ್ನೆ: ಏಪ್ರಿಲ್‌ನಲ್ಲಿ ಟೊಮೆಟೊ ಗಿಡ ತುಂಬ ಹೂವು, ಕಾಯಿ ಒಂದೂ ಇಲ್ಲ. ಎಲ್ಲ ಉದುರಿದವು. ಹೊಲದ ಎರೆಮಣ್ಣನ್ನೇ ಕುಂಡಕ್ಕೆ ತುಂಬಿದ್ದೆವು. (ಕಲಬುರಗಿ)

ಉತ್ತರ: ಹಗಲು 35 ಡಿಗ್ರಿ ದಾಟಿದರೆ ಟೊಮೆಟೊದ ಪರಾಗ ಕೆಲಸಕ್ಕೆ ಬರುವುದಿಲ್ಲ. ರಾತ್ರಿಯೂ 24ಕ್ಕಿಂತ ಇಳಿಯದಿದ್ದರೆ ಹೂವು ತೊಟ್ಟಿನಲ್ಲೇ ಹಳದಿಯಾಗಿ ಕಳಚುತ್ತದೆ. ಕಲಬುರಗಿಯ ಏಪ್ರಿಲ್‌ನಲ್ಲಿ ಎರಡೂ ಒಟ್ಟಿಗೆ. ಹಸಿರು ನೆರಳುಪರದೆ ಹಗಲಿಗಷ್ಟೇ ಆಸರೆ. ಕಾದ ಆರ್‌ಸಿಸಿ ಮಾಳಿಗೆ ಮಾತ್ರ ನಡುರಾತ್ರಿಯವರೆಗೆ ಬಿಸಿ ಉಗುಳುತ್ತಲೇ ಇರುತ್ತದೆ. ಕುಂಡದಡಿ ಎರಡು ಇಟ್ಟಿಗೆ ಇಡಿ, ಬೇರಾದರೂ ಬದುಕುತ್ತದೆ. ಕಾಯಿಯ ಆಸೆ ಮಾತ್ರ ಬೇಸಿಗೆಯಲ್ಲಿ ಬೇಡ.

ಆಗಸ್ಟ್ ಕೊನೆಗೆ ಬೀಜ ಹಾಕಿ, 25-30 ದಿನದ ಸಸಿಯನ್ನು 20 ಲೀಟರ್ ಚೀಲಕ್ಕೆ ನೆಡಿ, ಚೀಲಕ್ಕೊಂದೇ. ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನ ಟೊಮೆಟೊ ತಳಿ ಅರ್ಕಾ ರಕ್ಷಕ್ ಎಲೆ ಮುದುಡು ರೋಗ ತಡೆಯುತ್ತದೆ. ಅದು ಹೈಬ್ರಿಡ್, ಬೀಜ ಎತ್ತಿಟ್ಟು ಮತ್ತೆ ಹಾಕಿದರೆ ಅದೇ ಗುಣ ಬರುವುದಿಲ್ಲ. ಹೂ ಬಂದ ಮೇಲೆ ಬೆಳಗ್ಗೆ ಒಂಬತ್ತರ ಸುಮಾರಿಗೆ ಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ.

ಬರೀ ಎರೆಮಣ್ಣು ಕುಂಡಕ್ಕೆ ಒಗ್ಗದು. ಹಸಿಯಾದರೆ ಜಿಗುಟು, ಒಣಗಿದರೆ ಅಂಚು ಬಿಟ್ಟು ಸೀಳುತ್ತದೆ. ಹಾಕಿದ ನೀರು ಆ ಸೀಳಿನಿಂದ ಜಾರಿ ಕೆಳಗೆ ಹೋಗುತ್ತದೆ, ಬೇರಿಗೆ ಸಿಗುವುದಿಲ್ಲ. ಎರೆಮಣ್ಣು ಒಂದು ಪಾಲು, ಮರಳು ಒಂದು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು, ಚೀಲಕ್ಕೆ ಒಂದು ಹಿಡಿ ಬೇವಿನ ಹಿಂಡಿ. ಬೀದರ್ ಕಡೆಯ ಕೆಂಪು ಮಣ್ಣು ಸಿಕ್ಕರೆ ಎರೆಮಣ್ಣಿನ ಬದಲು ಅದೇ ಒಳ್ಳೆಯದು.

ಬೋರ್‌ವೆಲ್ ನೀರಿನಿಂದ ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟಿ, ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಅದು ಕಬ್ಬಿಣದ ಕೊರತೆ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಮತ್ತೊಮ್ಮೆ. ಒಮ್ಮೆ ಹಳದಿಯಾದ ಎಲೆ ಪೂರ್ತಿ ಹಸಿರಾಗದೆ ಇರಬಹುದು. ಹೊಸದಾಗಿ ಬರುವ ಚಿಗುರಿನ ಬಣ್ಣ ನೋಡಿ.